ದೂರ ಅದೇ, ಹೊತ್ತು ಮಾತ್ರ ಬೇರೆ: ವಿಮಾನದ ಲೆಕ್ಕ ಕೇಳಿದವರಿಗೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ವಿಮಾನದ್ದೇ. ದೂರ ಎಷ್ಟು, ಹೊತ್ತು ಎಷ್ಟು, ಒಂದೊಂದು ಕಡೆ ಒಂದೊಂದು ಅಂಕಿ ಯಾಕೆ, ಹೀಗೆ. ಒಂದಕ್ಕೊಂದು ಅಂಟಿಕೊಂಡ ಪ್ರಶ್ನೆಗಳಾದ್ದರಿಂದ ಎಲ್ಲವನ್ನೂ ಒಟ್ಟಿಗೆ ಹಾಕಿದ್ದೇನೆ. ಸೋಲಾರ್ ಹೀಟರ್ ಬಗ್ಗೆ ಬರೆದವರು ಮುಂದಿನ ಸಂಚಿಕೆ ನೋಡಿ.

ಪ್ರಶ್ನೆ: ಬೆಂಗಳೂರು–ದುಬೈ ದೂರ ಹುಡುಕಿದೆ. ಒಂದು ಕಡೆ 2,697 ಅಂತಿದೆ, ಇನ್ನೊಂದು ಕಡೆ 1,676, ಮತ್ತೊಂದು ಕಡೆ 1,456. ಯಾವುದನ್ನು ನಂಬಲಿ? (ತುಮಕೂರು)

ಉತ್ತರ: ಮೂರನ್ನೂ ನಂಬಿ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ನಾಟಿಕಲ್ ಮೈಲಿ. ಅಂಕಿಯ ಪಕ್ಕದಲ್ಲಿ ಪುಟ್ಟದಾಗಿ ಬರೆದದ್ದನ್ನು ಯಾರೂ ಓದುವುದಿಲ್ಲ, ಗೊಂದಲ ಆಗುವುದು ಅಲ್ಲೇ. ಒಂದು ಮೈಲಿ ಅಂದರೆ 1.609 ಕಿ.ಮೀ., ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಭಾಗಿಸಿ ನೋಡಿ, ಮೂರೂ ಸರಿಹೋಗುತ್ತವೆ.

ವಿಮಾನದವರು, ಹಡಗಿನವರು ಈ ನಾಟಿಕಲ್ ಮೈಲಿಯನ್ನು ಸುಮ್ನೆ ಹಠಕ್ಕೆ ಇಟ್ಟುಕೊಂಡಿಲ್ಲ. ಭೂಮಿಯ ಸುತ್ತಳತೆಯನ್ನು 360 ಡಿಗ್ರಿ ಮಾಡಿ, ಒಂದೊಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಆ ಒಂದು ಪಾಲಿನ ಉದ್ದವೇ ಒಂದು ನಾಟಿಕಲ್ ಮೈಲಿ. ಅಕ್ಷಾಂಶ ಎಷ್ಟು ಬದಲಾಯಿತು ಅಂತ ಗೊತ್ತಿದ್ದರೆ ದೂರ ತಾನಾಗಿಯೇ ಸಿಗುತ್ತದೆ.

ಇನ್ನು ಮೂರು ನಾಲ್ಕು ಕಿಲೋಮೀಟರ್ ವ್ಯತ್ಯಾಸ ಕಂಡರೆ ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ನಿಲ್ದಾಣದ ಯಾವ ಬಿಂದುವಿನಿಂದ ಅಳೆದರು, ಭೂಮಿಯನ್ನು ಪೂರ್ತಿ ಗುಂಡಗಿದೆ ಅಂದುಕೊಂಡರೋ ಅಥವಾ ಧ್ರುವದ ಕಡೆ ಸ್ವಲ್ಪ ಚಪ್ಪಟೆ ಅಂದುಕೊಂಡರೋ, ಅಷ್ಟರ ಮೇಲೆ ಅದು ನಿಂತಿದೆ. ಭೂಮಿಯ ತ್ರಿಜ್ಯ ಸಮಭಾಜಕದಲ್ಲಿ 6,378 ಕಿ.ಮೀ., ಧ್ರುವದಲ್ಲಿ 6,357 ಕಿ.ಮೀ. ಗುಂಡಗೆ ಅಂದುಕೊಂಡು ಲೆಕ್ಕ ಹಾಕಿದರೆ ತಪ್ಪುವುದು ಹೆಚ್ಚೆಂದರೆ ನೂರಕ್ಕೆ ಅರ್ಧ ಪಾಲು.

ಪ್ರಶ್ನೆ: ಇಂಟರ್ನೆಟ್ ಇಲ್ಲದೆ, ಬರೀ ಕ್ಯಾಲ್ಕುಲೇಟರ್ ಹಿಡಿದು ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಕಂಡುಹಿಡಿಯಬಹುದೇ? ನಾನು ದ್ವಿತೀಯ ಪಿಯುಸಿ. (ಹುಬ್ಬಳ್ಳಿ)

ಉತ್ತರ: ಧಾರಾಳವಾಗಿ. ದ್ವಿತೀಯ ಪಿಯುಸಿಯವರಿಗೆ ಇದು ಹತ್ತು ನಿಮಿಷದ ಕೆಲಸ.

ಮೊದಲು ಸುಲಭದ್ದು. ಬೆಂಗಳೂರು ನಿಲ್ದಾಣ ಇರುವುದು 13.20 ಡಿಗ್ರಿ ಉತ್ತರ, 77.71 ಡಿಗ್ರಿ ಪೂರ್ವದಲ್ಲಿ. ದೆಹಲಿಯದ್ದು 28.56 ಉತ್ತರ, 77.10 ಪೂರ್ವ. ರೇಖಾಂಶ ನೋಡಿ, ಹೆಚ್ಚುಕಮ್ಮಿ ಒಂದೇ. ಅಂದರೆ ದೆಹಲಿ ನಮ್ಮ ನೆತ್ತಿಯ ಮೇಲೆ ನೇರ ಉತ್ತರಕ್ಕಿದೆ. ಅಕ್ಷಾಂಶದ ವ್ಯತ್ಯಾಸ 15.36 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿದರೆ 1,708. ರೇಖಾಂಶದ ಆ ಚೂರು ವ್ಯತ್ಯಾಸ ಸೇರಿಸಿದರೂ 1,709 ದಾಟುವುದಿಲ್ಲ. ಮುಗಿಯಿತು.

ಎಲ್ಲ ಊರುಗಳೂ ಹೀಗೆ ಒಂದರ ಮೇಲೊಂದು ಕೂತಿರುವುದಿಲ್ಲ ಅಲ್ವಾ? ಲಂಡನ್ ತೆಗೆದುಕೊಳ್ಳಿ. ಹೀಥ್ರೂ ನಿಲ್ದಾಣ 51.47 ಉತ್ತರ, 0.45 ಪಶ್ಚಿಮ. ನಾವು ಪೂರ್ವ, ಅವರು ಪಶ್ಚಿಮ, ಹಾಗಾಗಿ ರೇಖಾಂಶ ಕಳೆಯಬಾರದು, ಕೂಡಬೇಕು: 78.16 ಡಿಗ್ರಿ. ಮುಕ್ಕಾಲು ಪಾಲು ಜನ ಎಡವುವುದು ಇಲ್ಲೇ. ಈಗ ಎರಡು ಗುಣಾಕಾರ ಮಾಡಿ. ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ: 0.2284 × 0.7823 = 0.1787. ಆಮೇಲೆ ಎರಡೂ ಅಕ್ಷಾಂಶಗಳ ಕೊಸೈನ್, ರೇಖಾಂಶ ವ್ಯತ್ಯಾಸದ ಕೊಸೈನ್, ಈ ಮೂರನ್ನೂ ಗುಣಿಸಿ: 0.9736 × 0.6229 × 0.2052 = 0.1244. ಎರಡನ್ನೂ ಕೂಡಿದರೆ 0.3031. ಯಾವ ಕೋನದ ಕೊಸೈನ್ 0.3031? 72.36 ಡಿಗ್ರಿ. ಅದನ್ನು 111.2ರಿಂದ ಗುಣಿಸಿ, 8,046 ಕಿ.ಮೀ. ಬೆಂಗಳೂರಿನಿಂದ ಲಂಡನ್‌ಗೆ ಭೂಮಿಯ ಮೇಲೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಇದನ್ನೇ ಎಕ್ಸೆಲ್‌ನಲ್ಲಿ ಮಾಡುವವರಿಗೆ ಒಂದು ಮಾತು. ಎಕ್ಸೆಲ್‌ಗೆ ಡಿಗ್ರಿ ಅರ್ಥ ಆಗುವುದಿಲ್ಲ, ಅದಕ್ಕೆ ಕೋನ ಅಳೆಯುವ ಇನ್ನೊಂದು ಮಾನವಾದ ರೇಡಿಯನ್ ಬೇಕು. ಹಾಗೇ ಡಿಗ್ರಿ ತುಂಬಿದರೆ ಬಾಯಿಗೆ ಬಂದ ಉತ್ತರ ಕೊಡುತ್ತದೆ, ತಪ್ಪು ಅಂತ ಹೇಳುವುದೂ ಇಲ್ಲ. ಉತ್ತರ ಸರಿಯೋ ಇಲ್ಲವೋ ನೋಡಲು ಒಂದು ಸುಲಭದ ದಾರಿ ಇದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಯಾವ ಎರಡು ಊರುಗಳೂ ಅದರ ಅರ್ಧಕ್ಕಿಂತ, ಅಂದರೆ 20,000 ಕಿ.ಮೀ.ಗಿಂತ ದೂರ ಇರಲು ಸಾಧ್ಯವಿಲ್ಲ. ಅದಕ್ಕಿಂತ ಜಾಸ್ತಿ ಬಂದರೆ ಪೆನ್ನು ಕೆಳಗಿಟ್ಟು ಮೊದಲಿನಿಂದ ನೋಡಿ. ಎರಡು ಊರು ತೀರಾ ಹತ್ತಿರ ಇದ್ದರೆ ಈ ಕೊಸೈನ್ ವಿಧಾನ ಸಣ್ಣ ಕ್ಯಾಲ್ಕುಲೇಟರಿನಲ್ಲಿ ಸ್ವಲ್ಪ ಕೈಕೊಡುತ್ತದೆ, ಅದಕ್ಕೇ ಆ್ಯಪ್ ಬರೆಯುವವರು ಹ್ಯಾವರ್‌ಸೈನ್ ಅನ್ನುವ ಇನ್ನೊಂದು ಸೂತ್ರ ಬಳಸುತ್ತಾರೆ. ನಿಮಗೆ ಈಗ ಅದು ಬೇಡ.

ಪ್ರಶ್ನೆ: ದೂರ ಸಿಕ್ಕಿತು ಅನ್ನಿ. ಅದರಿಂದ ಹೊತ್ತು ಹೇಗೆ? (ಅದೇ ಹುಬ್ಬಳ್ಳಿ, ಅದೇ ಪತ್ರ)

ಉತ್ತರ: ಜೆಟ್ ವಿಮಾನಕ್ಕೆ ಕಿಲೋಮೀಟರನ್ನು 800ರಿಂದ ಭಾಗಿಸಿ, ಬಂದದ್ದಕ್ಕೆ ಅರ್ಧ ಗಂಟೆಯ ಮೇಲೆ ಒಂದು ಐದು ನಿಮಿಷ ಸೇರಿಸಿ. ಏರ್‌ಬಸ್ 320 ಮೇಲೆ ಹೋದಮೇಲೆ ಗಂಟೆಗೆ 830–850 ಕಿ.ಮೀ. ಓಡುತ್ತದೆ ನಿಜ, ಆದರೆ ಏರುವಾಗ ಇಳಿಯುವಾಗ ಅಷ್ಟು ವೇಗ ಇರುವುದಿಲ್ಲ, ಅದಕ್ಕೇ 800. ದೆಹಲಿಗೆ ನೋಡಿ: 1,709 ಭಾಗಿಸು 800 ಅಂದರೆ 2 ಗಂಟೆ 8 ನಿಮಿಷ, ಅದಕ್ಕೆ 35 ಸೇರಿಸಿದರೆ 2 ಗಂಟೆ 43 ನಿಮಿಷ. ಟಿಕೆಟ್‌ನಲ್ಲಿ ಬರೆದಿರುವುದೂ ಅದರ ಆಸುಪಾಸೇ. ಮಂಗಳೂರಿಗೆ 306 ಕಿ.ಮೀ., ಲೆಕ್ಕ ಹಾಕಿದರೆ 58 ನಿಮಿಷ ಬರುತ್ತದೆ, ಟಿಕೆಟ್‌ನಲ್ಲಿ ಒಂದು ಗಂಟೆ ಅಂತ ಇರುತ್ತದೆ. ಮುಂಬೈಗೆ 834 ಕಿ.ಮೀ., ಲೆಕ್ಕದ ಪ್ರಕಾರ ಒಂದು ಗಂಟೆ 38 ನಿಮಿಷ ಸಾಕು, ಆದರೆ ಟಿಕೆಟ್ ಇನ್ನೂ ಜಾಸ್ತಿ ತೋರಿಸುತ್ತದೆ. ಮುಂಬೈ ನಿಲ್ದಾಣದ ಎರಡು ರನ್‌ವೇಗಳು ಒಂದನ್ನೊಂದು ಕತ್ತರಿಸುತ್ತವೆ, ಎರಡನ್ನೂ ಒಟ್ಟಿಗೆ ಬಳಸಲು ಆಗುವುದಿಲ್ಲ. ಆಕಾಶದಲ್ಲೇ ಸರದಿ ನಿಲ್ಲಬೇಕು.

ದೊಡ್ಡ ದೂರಕ್ಕೆ, ಬೋಯಿಂಗ್ 777ರಂಥ ವಿಮಾನಕ್ಕೆ, 850ರಿಂದ ಭಾಗಿಸಿ. ರೆಕ್ಕೆ ಮೇಲೆ ಫ್ಯಾನ್ ಕಾಣುವ ಎಟಿಆರ್ ಆದರೆ 500ರಿಂದ. ಆದರೆ ಇದು ಗಾಳಿಯೇ ಇಲ್ಲದ, ಗಡಿಯೇ ಇಲ್ಲದ ಆಕಾಶದ ಲೆಕ್ಕ. ಅಂಥ ಆಕಾಶ ಎಲ್ಲೂ ಇಲ್ಲ.

ಪ್ರಶ್ನೆ: ದುಬೈಗೆ ಹೋಗುವಾಗ ಜಾಸ್ತಿ ಹೊತ್ತು, ಬರುವಾಗ ಕಮ್ಮಿ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ ಅಂದಮೇಲೆ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ದುಬೈಯೇ ಎದುರು ಬರಬೇಕಲ್ಲ? ಉಲ್ಟಾ ಯಾಕೆ? (ಉಡುಪಿ)

ಉತ್ತರ: ಈ ಪ್ರಶ್ನೆ ವರ್ಷಕ್ಕೊಮ್ಮೆ ಬಂದೇ ಬರುತ್ತದೆ, ಬರಲಿ. ಭೂಮಿ ಒಂದೇ ತಿರುಗುವುದಿಲ್ಲ, ಅದರ ಜೊತೆ ಗಾಳಿಯೂ ತಿರುಗುತ್ತದೆ. ಓಡುವ ರೈಲಿನೊಳಗೆ ನೀವು ಎಂಜಿನ್ ಕಡೆ ನಡೆದರೂ ಗಾರ್ಡ್ ಡಬ್ಬಿ ಕಡೆ ನಡೆದರೂ ಒಂದೇ ಶ್ರಮ ಅಲ್ವಾ, ಹಾಗೆ. ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,620 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಗಾಳಿ ಮಾತ್ರ ನಿಂತೇ ಇದ್ದಿದ್ದರೆ ನಮ್ಮ ಮೇಲೆ ಸದಾ ಆ ವೇಗದ ಬಿರುಗಾಳಿ ಬೀಸಬೇಕಿತ್ತು. ವಿಮಾನದ ಮಾತು ಬಿಡಿ, ಮನೆಯ ಹಂಚೂ ಉಳಿಯುತ್ತಿರಲಿಲ್ಲ.

ನಿಜವಾದ ಕಾರಣ ಮೇಲಿನ ಗಾಳಿ. ಮೂವತ್ತು ನಲವತ್ತು ಸಾವಿರ ಅಡಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೋರು ಗಾಳಿಯ ಪಟ್ಟಿಗಳಿವೆ, ಅವಕ್ಕೆ ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಅದರ ಒಂದು ಪಟ್ಟಿ ಉತ್ತರ ಭಾರತದ ಮೇಲೇ ಇರುತ್ತದೆ. ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ.

ಒಂದು ಲೆಕ್ಕ ನೋಡಿ, ಸ್ವಲ್ಪ ಮಜವಾಗಿದೆ. ವಿಮಾನದ ವೇಗ ಗಂಟೆಗೆ 840, ಗಾಳಿ 80 ಅಂದುಕೊಳ್ಳಿ. ದುಬೈಗೆ ಹೋಗುವಾಗ ನೆಲದ ಲೆಕ್ಕದಲ್ಲಿ ವೇಗ 760, ಮೂರು ಗಂಟೆ 33 ನಿಮಿಷ. ಬರುವಾಗ 920, ಎರಡು ಗಂಟೆ 56 ನಿಮಿಷ. ಒಟ್ಟು 6 ಗಂಟೆ 29 ನಿಮಿಷ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 6 ಗಂಟೆ 25 ನಿಮಿಷ ಸಾಕಾಗುತ್ತಿತ್ತು. ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ವಾಪಸ್ ಸಿಗುವುದಿಲ್ಲ. ಎದುರುಗಾಳಿಯಲ್ಲಿ ನೀವು ಜಾಸ್ತಿ ಹೊತ್ತು ಇರುತ್ತೀರಿ, ಬೆನ್ನಗಾಳಿಯಲ್ಲಿ ಕಮ್ಮಿ ಹೊತ್ತು, ಅಷ್ಟೇ ಕಾರಣ.

ಗಾಳಿ ಎಷ್ಟರಮಟ್ಟಿಗೆ ಆಟ ಆಡಿಸುತ್ತದೆ ಅಂದರೆ, 2020ರ ಫೆಬ್ರವರಿಯಲ್ಲಿ ಕಿಯಾರಾ ಅನ್ನುವ ಬಿರುಗಾಳಿ ಬಂದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದುಬಿಟ್ಟಿತು. ಮಾಮೂಲಿಯಾಗಿ ಆರು ಗಂಟೆಗೂ ಮೇಲೆ ಬೇಕು. ನೆಲದ ಲೆಕ್ಕದಲ್ಲಿ ಗಂಟೆಗೆ 1,300 ಕಿ.ಮೀ. ದಾಟಿತ್ತು. ಹಾಗಂತ ಶಬ್ದದ ವೇಗ ದಾಟಿತು ಅನ್ನಬೇಡಿ, ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ತನ್ನ ಮಾಮೂಲಿ ವೇಗದಲ್ಲೇ ಇತ್ತು.

ದುಬೈ ಟಿಕೆಟ್ ನೋಡುವಾಗ ಇನ್ನೊಂದು ವಿಷಯ. ಹತ್ತು ಗಂಟೆಗೆ ಬೆಂಗಳೂರು ಬಿಟ್ಟು ಹನ್ನೆರಡೂವರೆಗೆ ದುಬೈ ಅಂತಿದ್ದರೆ ಎರಡೂವರೆ ಗಂಟೆ ಪ್ರಯಾಣ ಅಲ್ಲ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಂದರೆ ನಾಲ್ಕು ಗಂಟೆ.

ಪ್ರಶ್ನೆ: ಟಿಕೆಟ್‌ನಲ್ಲಿ 2 ಗಂಟೆ 50 ನಿಮಿಷ. ವಿಮಾನ ಹತ್ತಿ ಕೂತಮೇಲೆ ಕ್ಯಾಪ್ಟನ್ ‘ಇಂದಿನ ಹಾರಾಟದ ಸಮಯ 2 ಗಂಟೆ 20 ನಿಮಿಷ’ ಅಂದರು. ಅರ್ಧ ಗಂಟೆ ಎಲ್ಲಿ ಹೋಯಿತು? (ಬೆಂಗಳೂರು)

ಉತ್ತರ: ಎಲ್ಲೂ ಹೋಗಿಲ್ಲ, ನೆಲದ ಮೇಲೆ ಹೋಗುತ್ತದೆ.

ಟಿಕೆಟ್‌ನ ಹೊತ್ತನ್ನು ಬ್ಲಾಕ್ ಟೈಮ್ ಅನ್ನುತ್ತಾರೆ. ಬಾಗಿಲು ಹಾಕಿ, ಚಕ್ರದ ಮುಂದಿನ ಅಡ್ಡಗಟ್ಟೆ ತೆಗೆದು, ಮೂತಿಗೆ ಸಿಕ್ಕಿಸಿದ ಗಿಡ್ಡ ಟ್ರ್ಯಾಕ್ಟರ್ ವಿಮಾನವನ್ನು ಹಿಂದಕ್ಕೆ ನೂಕಲು ಶುರುಮಾಡುತ್ತದಲ್ಲ, ಆಗ ಗಡಿಯಾರ ಶುರು. ಆ ಕಡೆ ಗೇಟಿಗೆ ಬಂದು ನಿಂತು ಮತ್ತೆ ಚಕ್ರಕ್ಕೆ ಅಡ್ಡಗಟ್ಟೆ ಇಟ್ಟಾಗ ಮುಗಿಯಿತು. ಕ್ಯಾಪ್ಟನ್ ಹೇಳುವುದು ಚಕ್ರ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವ ತನಕದ ಹೊತ್ತು. ಇಬ್ಬರೂ ಸರಿ.

ಕಿಟಕಿ ಪಕ್ಕ ಕೂತಾಗ ಗಮನಿಸಿ. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮಕ್ಕೆ ಮಲಗಿವೆ. ದೆಹಲಿ ಇರುವುದು ನೇರ ಉತ್ತರಕ್ಕೆ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆ ಮುಖ ಮಾಡಿಯೇ ವಿಮಾನ ಏರಬೇಕು. ಹಾಗಾಗಿ ದೆಹಲಿಗೆ ಹೊರಟವರು ಮೊದಲು ಕೋಲಾರದ ಕಡೆಗೋ ದೊಡ್ಡಬಳ್ಳಾಪುರದ ಕಡೆಗೋ ಓಡಿ, ಮೇಲೇರಿ, ಆಮೇಲೆ ಉತ್ತರಕ್ಕೆ ತಿರುಗುತ್ತಾರೆ. ದೆಹಲಿಯಲ್ಲೂ ಅದೇ ಕಥೆ. ಅಲ್ಲಿ ರನ್‌ವೇ ನಾಲ್ಕಿವೆ, ನಾಲ್ಕೂ ಹೆಚ್ಚುಕಮ್ಮಿ ಪೂರ್ವ–ಪಶ್ಚಿಮ. ಇಳಿದಮೇಲೆ ಗೇಟು ಸಿಗುವ ತನಕ ಉರುಳಿಕೊಂಡು ಹೋಗುವುದು ಬೇರೆ, ಅದು ಕೆಲವೊಮ್ಮೆ ಎಷ್ಟು ದೂರ ಅಂದರೆ ರಸ್ತೆಯಲ್ಲೇ ದೆಹಲಿಗೆ ಹೋಗುತ್ತಿದ್ದೇವೇನೋ ಅನ್ನಿಸುತ್ತದೆ.

ಇದರ ಮೇಲೆ ಕಂಪನಿಗಳು ತಮ್ಮ ಜೇಬಿಗೂ ಒಂದಿಷ್ಟು ನಿಮಿಷ ಇಟ್ಟುಕೊಳ್ಳುತ್ತವೆ. ವೇಳಾಪಟ್ಟಿಯ ಹೊತ್ತಿನಿಂದ 15 ನಿಮಿಷದೊಳಗೆ ಬಂದರೆ ಸಮಯಕ್ಕೆ ಸರಿಯಾಗಿ ಬಂತು ಅಂತ ಲೆಕ್ಕ. ವೇಳಾಪಟ್ಟಿಯನ್ನೇ ಸಡಿಲ ಮಾಡಿಟ್ಟರೆ ತಡವಾಗಿ ಹೊರಟರೂ ‘ಸಮಯಕ್ಕಿಂತ ಮುಂಚೆ ಬಂದಿದ್ದೇವೆ’ ಅಂತ ಘೋಷಿಸಬಹುದು. ಇದು ನನಗೆ ಅಷ್ಟೇನೂ ಇಷ್ಟವಾಗದ ಚಾಲಾಕಿತನ, ಆದರೆ ಮುಂದಿನ ವಿಮಾನ ಹಿಡಿಯಬೇಕಾದವರಿಗೆ ಇದರಿಂದ ಒಳ್ಳೆಯದೇ ಆಗುತ್ತದೆ.

ಬ್ಲಾಕ್ ಟೈಮ್ ಗೊತ್ತಿದ್ದರೆ ದುಡ್ಡಿನ ಲೆಕ್ಕಕ್ಕೂ ಬರುತ್ತದೆ. ಮುಂಚೆ ತಿಳಿಸದೆ, ಕಂಪನಿಯದ್ದೇ ಕಾರಣಕ್ಕೆ ವಿಮಾನ ರದ್ದಾದರೆ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ನಿಯಮದಲ್ಲಿ ಪರಿಹಾರ ಇದೆ: ಬ್ಲಾಕ್ ಟೈಮ್ ಒಂದು ಗಂಟೆಯವರೆಗೆ ಇದ್ದರೆ 5,000 ರೂಪಾಯಿ, ಎರಡು ಗಂಟೆಯವರೆಗೆ 7,500, ಅದಕ್ಕೂ ಮೇಲೆ 10,000. ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಯಾವುದು ಕಮ್ಮಿಯೋ ಅದು. ಮಳೆ ಮಂಜಿನಂಥ ಕಾರಣಕ್ಕೆ ಇದು ಸಿಗುವುದಿಲ್ಲ. ಯುರೋಪಿನಲ್ಲಿ ಇದೇ ಪರಿಹಾರವನ್ನು ದೂರದ ಮೇಲೆ ನಿರ್ಧರಿಸುತ್ತಾರೆ, 1,500 ಮತ್ತು 3,500 ಕಿ.ಮೀ. ಅಲ್ಲಿನ ಗೆರೆಗಳು. ಆ ದೂರ ಯಾವುದು ಅಂದರೆ ಮೇಲೆ ಹುಬ್ಬಳ್ಳಿಯವರಿಗೆ ಹೇಳಿಕೊಟ್ಟೆನಲ್ಲ, ಅದೇ ಅತಿ ಹತ್ತಿರದ ದಾರಿಯ ದೂರ. ವಿಮಾನ ಎಷ್ಟು ಸುತ್ತಿ ಬಂತು ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ.

ಪ್ರಶ್ನೆ: ಲಂಡನ್‌ಗೆ 8,046 ಕಿ.ಮೀ. ಅಂದರೆ ನಿಮ್ಮ ಸೂತ್ರದ ಪ್ರಕಾರ ಹತ್ತು ಗಂಟೆ ಸಾಕು. ಮಗಳು ಹೋದ ವಿಮಾನ ಅದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಂಡಿತು. ಫೋನಿನಲ್ಲಿ ನೋಡುತ್ತಿದ್ದೆ, ಅದು ಹೋದ ದಾರಿಯೂ ನೆಟ್ಟಗಿರಲಿಲ್ಲ. ಯಾಕೆ? (ಮೈಸೂರು)

ಉತ್ತರ: ಒಂದು ಗ್ಲೋಬ್ ತೆಗೆದುಕೊಂಡು ಬೆಂಗಳೂರಿನಿಂದ ಲಂಡನ್‌ಗೆ ದಾರ ಬಿಗಿಯಾಗಿ ಎಳೆಯಿರಿ. ದಾರ ಎಲ್ಲಿ ಹೋಗುತ್ತದೆ ಅಂತ ಬೆರಳಿಟ್ಟು ನೋಡುತ್ತಾ ಬನ್ನಿ. ಮಹಾರಾಷ್ಟ್ರದ ಕಡೆಯಿಂದ ಮೇಲೆ ಹೋಗಿ ಸರಿಯಾಗಿ ಕರಾಚಿಯ ಮೇಲೆ ಬರುತ್ತದೆ. ಅಲ್ಲಿಂದ ಇರಾನ್. ಕ್ಯಾಸ್ಪಿಯನ್ ಸಮುದ್ರದ ದಕ್ಷಿಣ ದಂಡೆ. ಕಪ್ಪು ಸಮುದ್ರದ ಪಕ್ಕದ ಸೋಚಿ, ಆಮೇಲೆ ಕ್ರೈಮಿಯಾ, ಉಕ್ರೇನ್. ಪೋಲೆಂಡ್‌ನ ದಕ್ಷಿಣ, ಜರ್ಮನಿ, ಲಂಡನ್.

ಈಗ ಈ ಹೆಸರುಗಳನ್ನು ಇನ್ನೊಮ್ಮೆ ಓದಿ. ಉಕ್ರೇನ್‌ನ ಆಕಾಶ 2022ರ ಫೆಬ್ರವರಿ 24ರಂದು ಯುದ್ಧ ಶುರುವಾದಾಗ ನಾಗರಿಕ ವಿಮಾನಗಳಿಗೆ ಮುಚ್ಚಿತು. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನ ಕಂಪನಿಗಳಿಗೆ ಮುಚ್ಚಿತು, ಏಪ್ರಿಲ್ 30ರಂದು ಭಾರತವೂ ಅವರಿಗೆ ಮುಚ್ಚಿತು, ಆಮೇಲೆ ಎರಡೂ ಕಡೆಯವರು ತಿಂಗಳು ತಿಂಗಳು ಅವಧಿ ಮುಂದೂಡುತ್ತಾ ಹೋದರು. ಇರಾನ್ ಆಕಾಶವೂ 2025ರ ಜೂನ್‌ನಲ್ಲಿ ಮುಚ್ಚಿತ್ತು. ಬೆಂಗಳೂರು–ಲಂಡನ್‌ನ ಅತಿ ಹತ್ತಿರದ ದಾರಿಯಲ್ಲಿ ಹೀಗೆ ಮೂರು ಕಡೆ ಮುಳ್ಳುಬೇಲಿ. ಸೂತ್ರಕ್ಕೆ ಇದ್ಯಾವುದೂ ಗೊತ್ತಿಲ್ಲ, ಅದು ಭೂಮಿಯನ್ನು ಬರೀ ಒಂದು ಗುಂಡು ಅಂತ ನೋಡುತ್ತದೆ. ವಿಮಾನ ಮಾತ್ರ ಅರಬ್ಬಿ ಸಮುದ್ರದ ಮೇಲೆ ಪಶ್ಚಿಮಕ್ಕೆ ಹೋಗಿ, ಕೊಲ್ಲಿಯ ಕಡೆಯಿಂದ ಮೇಲೇರಿ, ಸುತ್ತಿಕೊಂಡು ಹೋಗಬೇಕು. ಅದರ ಜೊತೆ ಎದುರುಗಾಳಿ.

ನಿಮ್ಮ ಮಗಳು ಯಾವ ಕಂಪನಿಯ ವಿಮಾನದಲ್ಲಿ ಹೋದರು ಅನ್ನುವುದರ ಮೇಲೂ ದಾರಿ ಬದಲಾಗುತ್ತದೆ. ಪಾಕಿಸ್ತಾನದ ನಿಷೇಧ ನಮ್ಮ ಕಂಪನಿಗಳಿಗೆ ಮಾತ್ರ, ಬೇರೆ ದೇಶದ ಕಂಪನಿಗಳಿಗಲ್ಲ. ರಷ್ಯಾದ ವಿಷಯ ಉಲ್ಟಾ. ಅದು 2022ರಲ್ಲಿ ಯುರೋಪ್, ಬ್ರಿಟನ್, ಅಮೆರಿಕ, ಕೆನಡಾ ಕಂಪನಿಗಳಿಗೆ ಆಕಾಶ ಮುಚ್ಚಿತು, ನಮ್ಮವರಿಗೆ ಬಿಟ್ಟಿತು. ಫಿನ್‌ಲೆಂಡ್‌ನವರಿಗಂತೂ ಜೋರು ಹೊಡೆತ ಬಿತ್ತು, ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತು ಗಂಟೆ ಚಿಲ್ಲರೆ ಇದ್ದದ್ದು ಹದಿಮೂರು ಗಂಟೆ ಆಯಿತು. ಎರಡು ಊರುಗಳ ನಡುವಿನ ದೂರ ಒಂದು ಅಂಗುಲವೂ ಬದಲಾಗಿಲ್ಲ, ನೆನಪಿರಲಿ.

ಪಾಕಿಸ್ತಾನದ ವಿಷಯದಲ್ಲಿ ನಮಗಿಂತ ದೆಹಲಿಯವರಿಗೆ ತೊಂದರೆ ಜಾಸ್ತಿ. ನಾವು ದಕ್ಷಿಣದಲ್ಲಿರುವುದರಿಂದ ಸಮುದ್ರದ ಮೇಲಿನ ಸುತ್ತು ಅಷ್ಟು ದೊಡ್ಡದಾಗುವುದಿಲ್ಲ. ದೆಹಲಿಯಿಂದ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿದು ಹೋಗಬೇಕಾಯಿತು.

ಬೇಲಿ ಬರೀ ಹೊರದೇಶದಲ್ಲಿ ಮಾತ್ರ ಅಲ್ಲ. ನಮ್ಮದೇ ಆಕಾಶದಲ್ಲಿ ನಾಗರಿಕ ವಿಮಾನಗಳಿಗೆ ಮುಕ್ತವಾಗಿ ಸಿಗುವುದು ಶೇ. 60 ಮಾತ್ರ ಅಂತ 2020ರ ಮೇ ತಿಂಗಳಲ್ಲಿ ಹಣಕಾಸು ಸಚಿವರೇ ಹೇಳಿದ್ದರು, ಉಳಿದದ್ದನ್ನು ಸಡಿಲಿಸುತ್ತೇವೆ ಅಂತಲೂ ಹೇಳಿದ್ದರು. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಾಗ ದೇವನಹಳ್ಳಿಯಲ್ಲಿ ದಿನಕ್ಕೆ ಕೆಲವು ಗಂಟೆ ವಿಮಾನ ಹಾರಾಟ ನಿಲ್ಲಿಸುತ್ತಾರಲ್ಲ, ಅದೂ ಇದೇ ಸಂಸಾರದ ಜಗಳ.

ಪ್ರಶ್ನೆ: ಜಗತ್ತಿನ ಅತಿ ಉದ್ದದ ವಿಮಾನ ಪ್ರಯಾಣ ಯಾವುದು? ಕ್ವಿಜ್‌ಗೆ ಬೇಕು. (ಚಿತ್ರದುರ್ಗ)

ಉತ್ತರ: ಎಲ್ಲೂ ಇಳಿಯದೆ ಹೋಗುವ ನಿಯಮಿತ ವಿಮಾನಗಳಲ್ಲಿ ಸಿಂಗಪುರ–ನ್ಯೂಯಾರ್ಕ್, ಕೆನಡಿ ನಿಲ್ದಾಣಕ್ಕೆ. 15,349 ಕಿ.ಮೀ. ಹದಿನೆಂಟು ಗಂಟೆಗೂ ಜಾಸ್ತಿ.

ಪ್ರಶ್ನೆ: ಶಿವಮೊಗ್ಗದಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋದರೆ ನಿಜವಾಗಿ ಹೊತ್ತು ಉಳಿಯುತ್ತಾ? ಮನೆಯಲ್ಲಿ ಚರ್ಚೆ ನಡೆದಿದೆ, ನೀವೇ ತೀರ್ಪು ಕೊಡಿ. (ಶಿವಮೊಗ್ಗ)

ಉತ್ತರ: ಮನೆ ಜಗಳಕ್ಕೆ ನನ್ನನ್ನು ಎಳೆಯುತ್ತಿದ್ದೀರಿ, ಆಗಲಿ. ನೇರ ದೂರ ಸುಮಾರು 238 ಕಿ.ಮೀ. ಎಟಿಆರ್‌ಗೆ ಅರ್ಧ ಗಂಟೆಯ ದಾರಿ, ಏರುವುದು ಇಳಿಯುವುದು ಸೇರಿ ಒಂದು ಗಂಟೆ ಅನ್ನಿ. ಆದರೆ ನೀವು ಹೋಗುವುದು ಮನೆಯಿಂದ ಮನೆಗೆ, ನಿಲ್ದಾಣದಿಂದ ನಿಲ್ದಾಣಕ್ಕಲ್ಲ. ಸೋಗಾನೆಯ ನಿಲ್ದಾಣಕ್ಕೆ ಹೋಗಬೇಕು, ಒಂದೂವರೆ ಗಂಟೆ ಮುಂಚೆ ಇರಬೇಕು, ಬೆಂಗಳೂರಲ್ಲಿ ಇಳಿದು ಬ್ಯಾಗ್ ತೆಗೆದುಕೊಳ್ಳಬೇಕು, ದೇವನಹಳ್ಳಿಯಿಂದ ಜಯನಗರಕ್ಕೋ ವಿಜಯನಗರಕ್ಕೋ ಬರಬೇಕು. ಸಂಜೆ ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ವಿಮಾನದಲ್ಲಿ ಉಳಿಸಿದ ಹೊತ್ತೆಲ್ಲ ಅಲ್ಲೇ ಖರ್ಚು. ಒಟ್ಟು ನಾಲ್ಕೂವರೆ ಐದು ಗಂಟೆ ಆಯಿತಲ್ಲ. ಜನಶತಾಬ್ದಿಯಲ್ಲಿ ಯಶವಂತಪುರಕ್ಕೆ ಹೆಚ್ಚುಕಮ್ಮಿ ಅಷ್ಟೇ ಹೊತ್ತು.

ಬೆಂಗಳೂರಿನೊಳಗೆ ಕೆಲಸ ಇದ್ದರೆ ರೈಲೇ ವಾಸಿ. ಬೆಂಗಳೂರು ನಿಲ್ದಾಣದಿಂದಲೇ ದೆಹಲಿಗೋ ದುಬೈಗೋ ಇನ್ನೊಂದು ವಿಮಾನ ಹಿಡಿಯುವುದಿದ್ದರೆ ಮಾತ್ರ ಕಣ್ಣುಮುಚ್ಚಿ ವಿಮಾನ ತೆಗೆದುಕೊಳ್ಳಿ. ಕಲಬುರಗಿಯವರಿಗೆ ಈ ತೀರ್ಪು ಅನ್ವಯಿಸುವುದಿಲ್ಲ. ಅವರಿಗೆ ನೇರ ದೂರವೇ 464 ಕಿ.ಮೀ., ರೈಲಿನಲ್ಲಿ ಒಂದು ರಾತ್ರಿ. ಅಲ್ಲಿ ವಿಮಾನ ಇದ್ದರೆ ಅದು ಗೆದ್ದೇ ಗೆಲ್ಲುತ್ತದೆ.

ಪ್ರಶ್ನೆ: ಮಗ ಸೊಸೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿದ್ದಾರೆ. ಗೋಡೆಯ ನಕ್ಷೆಯಲ್ಲಿ ಅಮೆರಿಕ ಎಡಗಡೆ ಇದೆ. ಆದರೆ ವಿಮಾನ ಮೇಲಕ್ಕೆ, ಉತ್ತರ ಧ್ರುವದ ಕಡೆ ಹೋಗುತ್ತದೆ ಅಂತಾರೆ. ಅಷ್ಟು ಸುತ್ತು ಯಾಕೆ? ಇನ್ನೊಂದು, ಅವರು ಶನಿವಾರ ರಾತ್ರಿ ಹೊರಟು ಸೋಮವಾರ ಬರುತ್ತೇವೆ ಅಂದರೆ ಎರಡು ದಿನ ವಿಮಾನದಲ್ಲೇ ಇರಬೇಕಾ? ನಾವು ಕರೆತರಲು ಯಾವಾಗ ಬರಬೇಕು? (ದಾವಣಗೆರೆ)

ಉತ್ತರ: ಗೋಡೆಯ ನಕ್ಷೆ ಸುಳ್ಳು ಹೇಳುತ್ತಿದೆ ಅಮ್ಮಾ. 1569ರಲ್ಲಿ ಮರ್ಕೇಟರ್ ಅನ್ನುವವರು ಹಡಗಿನವರಿಗಾಗಿ ಮಾಡಿದ ವಿಧಾನ ಅದು, ದಿಕ್ಕು ಸರಿಯಾಗಿ ತೋರಿಸುತ್ತದೆ, ಆದರೆ ಮೇಲೆ ಹೋದಷ್ಟೂ ದೇಶಗಳನ್ನು ಹಿಗ್ಗಿಸಿಬಿಡುತ್ತದೆ. ಗುಂಡಗಿರುವುದನ್ನು ಚಪ್ಪಟೆ ಮಾಡಿದರೆ ಎಲ್ಲೋ ಒಂದು ಕಡೆ ಎಳೆದಾಡಲೇಬೇಕಲ್ಲ. ಮೊಮ್ಮಕ್ಕಳ ಗ್ಲೋಬ್ ಇದ್ದರೆ ಅದರ ಮೇಲೆ ದಾರ ಎಳೆಯಿರಿ. ನಮ್ಮಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಅತಿ ಹತ್ತಿರದ ದಾರಿ ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ಮೇಲೆ ಹೋಗಿ, ಉತ್ತರದ ಹಿಮಸಾಗರದ ಅಂಚು ಮುಟ್ಟಿ, ಅಲಾಸ್ಕಾದ ಮೇಲಿಂದ ಕೆಳಗೆ ಇಳಿಯುತ್ತದೆ. ಸುಮಾರು 14,000 ಕಿ.ಮೀ. ಅಮೆರಿಕ ನಮಗೆ ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ಹೆಚ್ಚುಕಮ್ಮಿ ಭೂಮಿಯ ಆ ಕಡೆ ಇದೆ. ಮೇಲಿಂದ ಹೋಗುವುದೇ ಹತ್ತಿರ.

ಹಾಗಂತ ವಿಮಾನ ಆ ದಾರದ ಮೇಲೇ ಹೋಗುವುದಿಲ್ಲ. ಟಿಬೆಟ್‌ನ ನೆಲವೇ ಸುಮಾರು 15,000 ಅಡಿ ಎತ್ತರದಲ್ಲಿದೆ. ವಿಮಾನದೊಳಗೆ ಗಾಳಿಯ ಒತ್ತಡ ತಪ್ಪಿದರೆ ಪೈಲಟ್ ಕೂಡಲೇ 10,000 ಅಡಿಗೆ ಇಳಿಸಬೇಕು, ಏಕೆಂದರೆ ತಲೆಯ ಮೇಲಿಂದ ಬೀಳುವ ಆ ಹಳದಿ ಮಾಸ್ಕ್‌ನಲ್ಲಿ ಆಮ್ಲಜನಕ ಕೆಲವೇ ನಿಮಿಷಕ್ಕಿರುತ್ತದೆ. ನೆಲವೇ ಹದಿನೈದು ಸಾವಿರ ಅಡಿ ಇರುವಲ್ಲಿ ಹತ್ತು ಸಾವಿರಕ್ಕೆ ಇಳಿಯುವುದು ಹೇಗೆ? ಅದಕ್ಕೇ ಅಲ್ಲಿ ಆದಷ್ಟು ಹೋಗುವುದಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ಸಲ ಎಲ್ಲೂ ಇಳಿಯದ ವಿಮಾನ ಬಿಟ್ಟಿತಲ್ಲ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದಲ್ಲಿ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳೇ ಇದ್ದರು. ಅದು ಉತ್ತರ ಧ್ರುವದ ಮೇಲೆಯೇ ಬಂತು. ಆಗ ಪತ್ರಿಕೆಗಳಲ್ಲಿ ಬಂದ ದೂರ ಸುಮಾರು 16,000 ಕಿ.ಮೀ. ಲೆಕ್ಕದ ಹದಿನಾಲ್ಕು ಸಾವಿರಕ್ಕೂ ಹಾರಿದ ಹದಿನಾರು ಸಾವಿರಕ್ಕೂ ಎರಡು ಸಾವಿರ ವ್ಯತ್ಯಾಸ. ಬೆಂಗಳೂರಿನಿಂದ ದೆಹಲಿಗೆ ಹೋಗಿ ಇನ್ನೂ ಮುಂದೆ ಹೋಗಬಹುದು ಅಷ್ಟರಲ್ಲಿ.

ಎರಡು ದಿನದ ಪ್ರಶ್ನೆಗೂ ಅದೇ ವಿಮಾನದ ಆಗಿನ, 2021ರ ವೇಳಾಪಟ್ಟಿ ನೋಡಿ. ಅಲ್ಲಿ ಶನಿವಾರ ರಾತ್ರಿ 8:30ಕ್ಕೆ ಹೊರಡುವುದು, ಇಲ್ಲಿ ಸೋಮವಾರ ಬೆಳಗಿನ ಜಾವ 3:45ಕ್ಕೆ ಇಳಿಯುವುದು. ಗಡಿಯಾರ ನೋಡಿದರೆ 31 ಗಂಟೆ 15 ನಿಮಿಷ. ಚಳಿಗಾಲದಲ್ಲಿ ಅವರಿಗಿಂತ ನಾವು ಹದಿಮೂರೂವರೆ ಗಂಟೆ ಮುಂದೆ. ಅದನ್ನು ಕಳೆದರೆ 17 ಗಂಟೆ 45 ನಿಮಿಷ. ಅಷ್ಟೇ ಅವರು ಕೂತಿರುವುದು. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟುಕೊಳ್ಳುತ್ತಾರೆ, ಆಗ ಹದಿಮೂರೂವರೆ ಬದಲು ಹನ್ನೆರಡೂವರೆ ಕಳೆಯಿರಿ. ಇಲ್ಲಿಂದ ಹೋಗುವಾಗ ಇನ್ನೊಂದು ತಮಾಷೆ. ಮಧ್ಯಾಹ್ನ ಎರಡಕ್ಕೆ ಹೊರಟು ಹದಿನೇಳು ಗಂಟೆ ಹಾರಿದರೂ ಚಳಿಗಾಲದಲ್ಲಿ ಅದೇ ದಿನ ಸಂಜೆ ಐದೂವರೆಗೆ ಅಲ್ಲಿ ಇಳಿಯುತ್ತಾರೆ.

ಕರೆತರುವ ವಿಷಯ. ಟಿಕೆಟ್‌ನಲ್ಲಿ ಸೋಮವಾರ 3:45 ಅಂತಿದ್ದರೆ ಅದು ಭಾನುವಾರ ರಾತ್ರಿ ಕಳೆದಮೇಲಿನ 3:45. ಸೋಮವಾರ ರಾತ್ರಿ ಬಂದು ನಿಂತು, ಮಗ ಎಲ್ಲಿ ಅಂತ ಹುಡುಕುವವರು ಇದ್ದಾರೆ, ಸುಮ್ನೆ ಹೇಳುತ್ತಿಲ್ಲ. ಇಳಿದಮೇಲೆ ಪಾಸ್‌ಪೋರ್ಟ್, ಬ್ಯಾಗ್, ಕಸ್ಟಮ್ಸ್ ಮುಗಿಸಿ ಹೊರಗೆ ಬರಲು ಅವರಿಗೆ ಒಂದು ಗಂಟೆಯಾದರೂ ಬೇಕು, ಹಾಗಾಗಿ ನೀವು ನಾಲ್ಕೂವರೆಗೆ ಮುಟ್ಟಿದರೆ ಸಾಕು. ದಾವಣಗೆರೆಯಿಂದ ಕಾರಿನಲ್ಲಿ ನಾಲ್ಕೈದು ಗಂಟೆ. ಭಾನುವಾರ ಊಟ ಮುಗಿಸಿ ಹನ್ನೊಂದರ ಹೊತ್ತಿಗೆ ಹೊರಡಿ. ತುಮಕೂರು ದಾಟಿದಮೇಲೆ ಬೆಂಗಳೂರಿನೊಳಗೆ ಹೋಗಬೇಡಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಬನ್ನಿ. ಹೊರಡುವ ಮುಂಚೆ ಫೋನಿನಲ್ಲಿ ವಿಮಾನದ ನಂಬರ್ ಹಾಕಿ ನೋಡಿ. ಬೆನ್ನಗಾಳಿ ಜೋರಾಗಿದ್ದರೆ ಅವರು ನಿಮಗಿಂತ ಮುಂಚೆ ಬಂದು ಕಾಯುತ್ತಿರುತ್ತಾರೆ.